ಉಳಿಸಿದವನಿಗೆ ದಂಡ, ಉಪದೇಶಕನಿಗೆ ಹಾರ

ಪ್ರತಿ ವರ್ಷ ಅಕ್ಟೋಬರ್ ತಿಂಗಳ ಕೊನೆಗೆ ಉಳಿತಾಯದ ದಿನವೆಂಬುದೊಂದು ಬರುತ್ತದೆ. ಅಧಿಕಾರಿಗಳು ಶಾಲೆಗೆ ಬಂದು ಹಾರ ಹಾಕಿಸಿಕೊಳ್ಳುತ್ತಾರೆ. 'ಹನಿ ಹನಿ ಗೂಡಿದರೆ ಹಳ್ಳ' ಎಂಬ ಗಾದೆಯಿಂದ ತೊಡಗಿ 'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂಬ ಗಾದೆಯಿಂದ ಮುಗಿಸುತ್ತಾರೆ. ನಡುವೆ ಹೇಳುವುದೆಲ್ಲ ಒಂದೇ ಮಾತು: ನಮ್ಮ ಬಡವರಿಗೆ ನಾಳೆಯ ಯೋಚನೆಯಿಲ್ಲ, ಕೈಗೆ ಬಂದುದನ್ನು ಅಂದೇ ಮುಗಿಸುತ್ತಾರೆ, ಆದುದರಿಂದಲೇ ಅವರು ಬಡವರಾಗಿ ಉಳಿದಿದ್ದಾರೆ. ನಾವು ಮೇಷ್ಟರಾಗಿದ್ದಾಗ ಇಂತಹ ಭಾಷಣಗಳಿಗೆ ಮಕ್ಕಳನ್ನು ಸಾಲಾಗಿ ಕೂರಿಸಿ ಚಪ್ಪಾಳೆ ತಟ್ಟಿಸಿದ್ದೇವೆ. ಆ ತಪ್ಪಿಗೆ ಪ್ರಾಯಶ್ಚಿತ್ತವಾಗಿಯಾದರೂ ಈ ಲೇಖನವನ್ನು ಬರೆಯಬೇಕಾಗಿದೆ.

ಕೂಲಿಕಾರರ ಸಭೆಗೆಂದು ಒಂದು ಹಳ್ಳಿಗೆ ಹೋಗಿದ್ದಾಗ ಮಾತು ಉಳಿತಾಯದ ಕಡೆಗೆ ತಿರುಗಿತು. ಮೇಷ್ಟರ ಹಳೆಯ ಚಾಳಿ ನಮ್ಮನ್ನು ಬಿಟ್ಟಿರಲಿಲ್ಲ. ವಾರಕ್ಕಿಷ್ಟು ಎಂದು ತೆಗೆದಿಡಬಾರದೇ ಎಂದು ಒಬ್ಬ ಮುದುಕಿಯನ್ನು ಕೇಳಿದೆವು. ಆಕೆ ಹೇಳಿದಳು: "ನಮ್ಮ ಮಾವನೋರ ಕಾಲದಲ್ಲಿ ರಾಗೀನ ಹಗೇವಿಗೆ ಹಾಕೋರು ಮೇಷ್ಟ್ರೇ. ಎಷ್ಟು ವರ್ಷ ಆದ್ರೂ ಹುಳ ಬೀಳ್ತಿರಲಿಲ್ಲ. ಈ ದುಡ್ಡು ನೋಡಿ, ಡಬ್ಬೀಲಿಟ್ರೆ ವರ್ಷದೊಳಗೆ ಹುಳ ಬೀಳುತ್ತೆ. ಹುಳ ಬೀಳೋದನ್ನ ಯಾರಾದ್ರೂ ಕೂಡಿಡ್ತಾರಾ?" ಅರ್ಥಶಾಸ್ತ್ರದ ಪಂಡಿತರು ಹಣದುಬ್ಬರವೆಂದು ಕರೆಯುವ ವಸ್ತುವಿಗೆ ಇದಕ್ಕಿಂತ ನೇರವಾದ ವ್ಯಾಖ್ಯೆಯನ್ನು ನಾವು ಕೇಳಿಲ್ಲ. ಆಕೆಯ ಪ್ರಶ್ನೆಗೆ ಅಂದು ನಮ್ಮಲ್ಲಿ ಉತ್ತರವಿರಲಿಲ್ಲ. ಉತ್ತರ ಕೊಡಬೇಕಾದವರು ನಾವೂ ಅಲ್ಲ, ಹಾರ ಹಾಕಿಸಿಕೊಂಡವರು.

ಬಡವನಿಗೆ ಉಳಿಸಲು ಬಾರದೆಂಬುದು ಮೊದಲನೆಯ ಸುಳ್ಳು. ನಮ್ಮ ಕರಾವಳಿಯ ಚರಿತ್ರೆಯೇ ಅದಕ್ಕೆ ಸಾಕ್ಷಿ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಬ್ಯಾಂಕೊಂದು, ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದದ್ದು, 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಏಜೆಂಟನು ದಿನವೂ ಮನೆ ಬಾಗಿಲಿಗೆ ಬಂದು ಎರಡಾಣೆಯನ್ನು ಎತ್ತಿಕೊಂಡು ಹೋಗುತ್ತಿದ್ದ. ನೇಯುವವರೂ, ಬೀದಿ ವ್ಯಾಪಾರದವರೂ, ಕೂಲಿಯವರೂ ದಿನಕ್ಕೆರಡಾಣೆ ಕೊಟ್ಟರು. ಆ ಎರಡಾಣೆಗಳ ಮೇಲೆಯೇ ದೇಶವೆಲ್ಲ ಹರಡಿದ ಒಂದು ಬ್ಯಾಂಕು ಬೆಳೆಯಿತು. ಉಳಿತಾಯದ ಬುದ್ಧಿಯನ್ನು ಬಡವರಿಗೆ ಯಾವ ಅಧಿಕಾರಿಯೂ ಕಲಿಸಬೇಕಾಗಿರಲಿಲ್ಲ. ಬೇಕಾಗಿದ್ದುದು ಒಂದೇ: ಇಂದು ಕೊಟ್ಟ ಎರಡಾಣೆ ನಾಳೆಯೂ ಎರಡಾಣೆಯ ಕೆಲಸವನ್ನು ಮಾಡೀತೆಂಬ ಭರವಸೆ.

ಆ ಭರವಸೆಯನ್ನು ಮುರಿದವರು ಯಾರು? ಲೆಕ್ಕ ಹಾಕಿ ನೋಡೋಣ.

1972ರ ಬರಗಾಲ, 1973ರಲ್ಲಿ ನಾಲ್ಕು ಪಟ್ಟಿಗೆ ಹಾರಿದ ಕಚ್ಚಾ ತೈಲದ ಬೆಲೆ, ನೋಟು ಮುದ್ರಿಸಿ ಖರ್ಚು ತುಂಬುವ ಸರ್ಕಾರದ ರೂಢಿ, ವರ್ತಕರ ದಾಸ್ತಾನು, ಇವೆಲ್ಲ ಸೇರಿ 1974-75ರಲ್ಲಿ ಸಗಟು ಬೆಲೆಗಳು ಒಂದೇ ವರ್ಷದಲ್ಲಿ ನೂರಕ್ಕೆ 25ರಷ್ಟು ಏರಿದವು. ಪೋಸ್ಟಾಫೀಸಿನ ಉಳಿತಾಯ ಖಾತೆಯ ಬಡ್ಡಿ ಆಗ ನೂರಕ್ಕೆ 5ರ ಆಸುಪಾಸಿನಲ್ಲಿತ್ತು. ನೂರು ರೂಪಾಯಿಯ ಸಾಮಾನನ್ನು ಕೊಳ್ಳದೆ, ಹೊಟ್ಟೆ ಕಟ್ಟಿ, ಆ ನೂರನ್ನು ಪೋಸ್ಟಾಫೀಸಿಗೆ ಕಟ್ಟಿದವನಿಗೆ ವರ್ಷದ ಮೇಲೆ 105 ರೂಪಾಯಿ ಬಂತು. ಅದೇ ಸಾಮಾನಿಗೆ ಅಂಗಡಿಯಲ್ಲಿ 125 ರೂಪಾಯಿ. ಎಂದರೆ ಅವನ ಕೈಗೆ ಮರಳಿದ್ದು ಹಿಂದಿನ ಬೆಲೆಯಲ್ಲಿ 84 ರೂಪಾಯಿಯ ಸಾಮಾನು. ಹದಿನಾರು ರೂಪಾಯಿಯ ದಂಡ! ನೂರನ್ನೂ ಅಂದೇ ಖರ್ಚು ಮಾಡಿದ 'ದುಂದುಗಾರ' ಗೆದ್ದ. ಉಪದೇಶವನ್ನು ನಂಬಿದ ಮಿತವ್ಯಯಿ ಸೋತ. ಐದನೆಯ ತರಗತಿಯ ಹುಡುಗನೂ ಮಾಡಬಲ್ಲ ಈ ಲೆಕ್ಕ ಅರ್ಥಮಂತ್ರಿಗಳಿಗೆ ತಿಳಿಯದೇ?

ತಿಳಿದೇ ಇತ್ತು. ಆದುದರಿಂದಲೇ ಬಲಾತ್ಕಾರಕ್ಕೆ ಕೈಹಾಕಿದರು. ಆ ವರ್ಷದ ಮೇ ತಿಂಗಳಲ್ಲಿ, ಮಂಗಳೂರಿನಲ್ಲಿ ಹುಟ್ಟಿದ ನಮ್ಮ ಜಾರ್ಜ್ ಫರ್ನಾಂಡಿಸರ ಮುಂದಾಳುತನದಲ್ಲಿ ದೇಶದ ರೈಲ್ವೆ ಕಾರ್ಮಿಕರು ಬೋನಸ್ಸಿಗಾಗಿ, ಬೆಲೆಗೆ ತಕ್ಕ ತುಟ್ಟಿಭತ್ಯೆಗಾಗಿ, ಎಂಟು ಗಂಟೆಯ ದುಡಿಮೆಗಾಗಿ ಮುಷ್ಕರ ಹೂಡಿದ್ದರು. ಇಪ್ಪತ್ತು ದಿನಗಳಲ್ಲಿ ಸಾವಿರಾರು ಜನರನ್ನು ಸೆರೆಗೆ ತಳ್ಳಿ ಅದನ್ನು ಮುರಿದರು. ಜುಲೈ ತಿಂಗಳಲ್ಲಿ ಸುಗ್ರೀವಾಜ್ಞೆ ಬಂತು: ಇನ್ನು ಮೇಲೆ ಹೆಚ್ಚಾಗುವ ಸಂಬಳವೆಲ್ಲವೂ, ಹೆಚ್ಚಾಗುವ ತುಟ್ಟಿಭತ್ಯೆಯ ಅರ್ಧವೂ ಕಡ್ಡಾಯ ಠೇವಣಿಗೆ ಹೋಗತಕ್ಕದ್ದು, ಮುಂದೆ ಕಂತುಕಂತಾಗಿ ಹಿಂದಿರುಗತಕ್ಕದ್ದು. ಬೆಲೆ ಏರಿತೆಂದು ಕೊಡುವ ಭತ್ಯೆ ತುಟ್ಟಿಭತ್ಯೆ. ಅದರ ಅರ್ಧವನ್ನು ಕಸಿದು ಅದಕ್ಕೆ ಉಳಿತಾಯವೆಂದು ಹೆಸರಿಟ್ಟರು! ಮರುವರ್ಷ ಬೆಲೆಗಳು ಕೊಂಚ ಇಳಿದುದು ನಿಜ, ಅದನ್ನು ನಾವು ಮರೆಮಾಚುವುದಿಲ್ಲ. ಆದರೆ ಇಳಿಸಿದ ಭಾರವನ್ನು ಹೊತ್ತವರು ಯಾರು? ಸಂಬಳದ ಚೀಟಿಯಿಂದ ಬದುಕುವವರು. ದಾಸ್ತಾನುಗಾರನ ಉಗ್ರಾಣದ ಅರ್ಧವನ್ನು ಕಡ್ಡಾಯ ಠೇವಣಿಗೆ ಹಾಕಿಸಿದ ಸುಗ್ರೀವಾಜ್ಞೆಯನ್ನು ನಾವು ಕಂಡಿಲ್ಲ.

ಇದು ಐವತ್ತು ವರ್ಷದ ಹಳೆಯ ಕಥೆ, ಈಗ ಕಾಲ ಬದಲಾಗಿದೆ ಎನ್ನುವವರಿಗೆ ಇನ್ನೊಂದು ಲೆಕ್ಕ. 2010ರಲ್ಲಿ ಕೈಗಾರಿಕಾ ಕಾರ್ಮಿಕರ ಬೆಲೆ ಸೂಚ್ಯಂಕ ನೂರಕ್ಕೆ 12ರಷ್ಟು ಏರಿತು. ಪೋಸ್ಟಾಫೀಸಿನ ಉಳಿತಾಯ ಖಾತೆಯ ಬಡ್ಡಿ ಮೂರೂವರೆ. ನೂರಕ್ಕೆ ಏಳೂವರೆ ರೂಪಾಯಿಯಷ್ಟು ದಂಡ. ಜನರು ಏನು ಮಾಡಿದರು? ನೋಟನ್ನು ಬಿಟ್ಟು ಚಿನ್ನಕ್ಕೆ ಓಡಿದರು. 2012-13ರಲ್ಲಿ ದೇಶಕ್ಕೆ 5,000 ಕೋಟಿ ಡಾಲರಿಗೂ ಮೀರಿದ ಚಿನ್ನ ಬಂತು. ಆಗಿನ ಅರ್ಥಮಂತ್ರಿಗಳು ಚಿನ್ನ ಕೊಳ್ಳಬೇಡಿರೆಂದು ಜನತೆಯನ್ನು ಬೇಡಿಕೊಂಡರು. 2013ರ ಒಂದೇ ವರ್ಷದಲ್ಲಿ ಚಿನ್ನದ ಆಮದು ಸುಂಕವನ್ನು ಜನವರಿಯಲ್ಲಿ 6ಕ್ಕೆ, ಜೂನಿನಲ್ಲಿ 8ಕ್ಕೆ, ಆಗಸ್ಟಿನಲ್ಲಿ 10ಕ್ಕೆ ಏರಿಸಿದರು. ಹುಳ ಬಿದ್ದ ಕಾಳನ್ನು ಬಿಟ್ಟು ಗಟ್ಟಿ ಕಾಳನ್ನು ಆರಿಸಿಕೊಂಡವನಿಗೆ ದಡ್ಡನೆಂಬ ಬಿರುದು!

ಅದಾದರೂ ಚಿನ್ನ ಕೊಳ್ಳಬಲ್ಲವರ ಕಥೆ. ಕೊಳ್ಳಲಾರದವನು ಏನು ಮಾಡುತ್ತಾನೆ? ಯಾವುದಾದರೂ ಹೋಬಳಿಯಲ್ಲಿ ಒಂದು ಸುತ್ತು ಹಾಕಿ ಬನ್ನಿ. ಪಾಯ ಹಾಕಿ ನಿಂತ ಮನೆ, ಎದೆಯೆತ್ತರಕ್ಕೆ ನಿಂತ ಗೋಡೆ, ಅಂಗಳದಲ್ಲಿ ಪಾಚಿ ಕಟ್ಟಿದ ಇಟ್ಟಿಗೆಯ ರಾಶಿ. ಯೋಜನೆಯಿಲ್ಲದ ಜನವೆಂದು ಪಟ್ಟಣದವರು ನಗುತ್ತಾರೆ. ಆ ಇಟ್ಟಿಗೆಯ ರಾಶಿಯೇ ಅವನ ಪಾಸ್‌ಬುಕ್ಕೆಂಬುದು ಅವರಿಗೆ ತಿಳಿಯದು. ಪೂರಾ ಹಣ ಕೂಡಿಸಿ ಮನೆ ಕಟ್ಟೋಣವೆಂದು ಕಾದರೆ, ಹಣ ಕೂಡುವ ವೇಗಕ್ಕಿಂತ ಸಿಮೆಂಟು ಕಬ್ಬಿಣದ ಬೆಲೆ ಏರುವ ವೇಗ ಹೆಚ್ಚು. ಆದುದರಿಂದ ಕೈಗೆ ಐನೂರು ಬಂದರೆ ಐನೂರರ ಇಟ್ಟಿಗೆ ತಂದು ಹಾಕುತ್ತಾನೆ. ಇದು ಬುದ್ಧಿಗೇಡಿತನವಲ್ಲ, ಬುದ್ಧಿವಂತಿಕೆ. ಆದರೆ ಮಗುವಿಗೆ ಜ್ವರ ಬಂದ ರಾತ್ರಿ ಇಟ್ಟಿಗೆಯನ್ನು ಆಸ್ಪತ್ರೆಗೆ ಹೊತ್ತುಕೊಂಡು ಹೋಗಲಾಗುವುದಿಲ್ಲ. ಅರ್ಧ ಬೆಲೆಗೆ ಮಾರಬೇಕು, ಇಲ್ಲವೇ ಸಾಹುಕಾರನ ಬಾಗಿಲು ತಟ್ಟಬೇಕು.

ಹಣದುಬ್ಬರವು ಕೇವಲ ಗಂಟನ್ನು ಕರಗಿಸುವುದಿಲ್ಲ, ಮನುಷ್ಯರ ನಡುವಣ ನಂಬಿಕೆಯನ್ನೂ ಕರಗಿಸುತ್ತದೆ. ನಮ್ಮ ಊರುಗಳ ಚೀಟಿಯನ್ನೇ ನೋಡಿ. ಇಪ್ಪತ್ತು ಜನ, ತಿಂಗಳಿಗೆ ಐನೂರು, ಹತ್ತು ಸಾವಿರದ ಚೀಟಿ. ಬೆಲೆಗಳು ನೆಲೆಯಾಗಿದ್ದಾಗ ಅದು ಬಡವರೇ ಕಟ್ಟಿಕೊಂಡ ಸುಂದರವಾದ ಸಹಕಾರ ಸಂಘ. ಅವಸರವಿದ್ದವನು ಕೊಂಚ ಬಿಟ್ಟುಕೊಟ್ಟು ಮೊದಲು ಎತ್ತುತ್ತಾನೆ. ತಾಳ್ಮೆಯಿದ್ದವಳು ಕೊನೆಗೆ ಎತ್ತಿ, ಬಿಟ್ಟುಕೊಟ್ಟ ಹಣದ ಪಾಲನ್ನೂ ಪಡೆಯುತ್ತಾಳೆ. ಬೆಲೆಗಳು ಓಡತೊಡಗಿದೊಡನೆ ಆ ನ್ಯಾಯ ತಲೆಕೆಳಗಾಗುತ್ತದೆ. ಮೊದಲು ಎತ್ತಿದವನು ಗಟ್ಟಿ ಹಣವನ್ನು ಎತ್ತಿ ಸವೆದ ಹಣದಲ್ಲಿ ತೀರಿಸುತ್ತಾನೆ; ಕೊನೆಯವಳು ಗಟ್ಟಿ ಹಣವನ್ನು ಕಟ್ಟಿ ಸವೆದ ಹಣವನ್ನು ಎತ್ತುತ್ತಾಳೆ. ಆಗ ಎಲ್ಲರೂ ಮೊದಲಿಗರಾಗಲು ಕೂಗುತ್ತಾರೆ. ಮಗಳ ಮದುವೆಯ ಅವಸರಕ್ಕೂ ಬರಿಯ ಲಾಭದ ಅವಸರಕ್ಕೂ ವ್ಯತ್ಯಾಸ ಉಳಿಯುವುದಿಲ್ಲ. ತಾಳ್ಮೆಯೆಂಬುದು ದಡ್ಡರ ಗುಣವಾಗುತ್ತದೆ. ಸಭ್ಯರನ್ನು ಹೀಗೆ ಪರಸ್ಪರ ಓಡಿಸುವ ವ್ಯವಸ್ಥೆಯಲ್ಲಿ ಮೋಸಗಾರನಿಗೆ ಸುಗ್ಗಿ. 2011ರ ಕೊನೆಯಲ್ಲಿ ಸರ್ಕಾರ ಬಡವರ ಕಿಸಾನ್ ವಿಕಾಸ ಪತ್ರವನ್ನು ನಿಲ್ಲಿಸಿತು. 2014ರವರೆಗೆ ಮತ್ತೆ ತೆರೆಯಲಿಲ್ಲ. ಆ ನಡುವೆ, 2013ರ ಏಪ್ರಿಲಿನಲ್ಲಿ, ಬಂಗಾಳದಲ್ಲಿ ಶಾರದಾ ಎಂಬ ಚೀಟಿ ಕಂಪನಿ ಕುಸಿದು ಲಕ್ಷಾಂತರ ಬಡವರ ಗಂಟು ಮುಳುಗಿತು. ಅತಿಯಾಸೆಯೆಂದು ಅವರನ್ನು ಹಳಿಯುವುದು ಸುಲಭ. ಪ್ರಾಮಾಣಿಕರ ಪೆಟ್ಟಿಗೆಯಲ್ಲಿ ನಷ್ಟ ಖಚಿತವಾದಾಗ ಜನರು ಅಪ್ರಾಮಾಣಿಕರ ಪೆಟ್ಟಿಗೆಯ ಕಡೆಗೆ ನೋಡುವುದು ಆಶ್ಚರ್ಯವೇ?

ಸವೆದ ಹಣ ಎಲ್ಲಿಗೆ ಹೋಗುತ್ತದೆ? ಗಾಳಿಗೆ ಹೋಗುವುದಿಲ್ಲ. ಠೇವಣಿಯಿಟ್ಟವನು ಕಳೆದುಕೊಂಡುದನ್ನು ಆ ಠೇವಣಿಯಿಂದ ಸಾಲ ಪಡೆದವನು ಗಳಿಸುತ್ತಾನೆ. ಬ್ಯಾಂಕಿನಿಂದ ದೊಡ್ಡ ಸಾಲ ಪಡೆಯಬಲ್ಲವರು ಯಾರು? ಕಂಪನಿಗಳು, ಕಟ್ಟಡದ ಗುತ್ತಿಗೆದಾರರು, ಎಲ್ಲರಿಗಿಂತ ದೊಡ್ಡ ಸಾಲಗಾರನಾದ ಸ್ವತಃ ಸರ್ಕಾರ. ಅವರು ಸಾಲದಲ್ಲಿ ಭೂಮಿ ಕೊಂಡರು, ಯಂತ್ರ ಕೊಂಡರು. ಅವುಗಳ ಬೆಲೆ ಏರಿತು, ಸಾಲ ಸವೆಯಿತು. ಬಡವನೂ ಸಾಲಗಾರನಲ್ಲವೇ, ಅವನಿಗೂ ಲಾಭವಾಗಬೇಕಲ್ಲ ಎಂದು ಪಂಡಿತರು ಕೇಳುತ್ತಾರೆ. ಅವರು ಸಾಹುಕಾರನ ಜಗುಲಿಯನ್ನು ಕಂಡವರಲ್ಲ. ಅಲ್ಲಿ ಸಾಲ ತಿಂಗಳಿಗೆ ನೂರಕ್ಕೆ ಮೂರು, ನೂರಕ್ಕೆ ಐದು. ಏರುವ ಬೆಲೆಯನ್ನು ಸಾಹುಕಾರ ಮೊದಲೇ ಬಡ್ಡಿಯೊಳಗೆ ಕಟ್ಟಿಟ್ಟಿರುತ್ತಾನೆ. ದೊಡ್ಡವನ ಸಾಲವನ್ನು ಹುಳ ತಿನ್ನುತ್ತದೆ. ಬಡವನ ಸಾಲವೇ ಬಡವನನ್ನು ತಿನ್ನುತ್ತದೆ.

ಈ ಉಳಿತಾಯದ ದಿನ ಹುಟ್ಟಿದ ಕಥೆಯನ್ನಾದರೂ ಭಾಷಣಕಾರರು ಓದಿಕೊಂಡು ಬರಬೇಕಾಗಿತ್ತು. 1914ರಲ್ಲಿ ಜರ್ಮನಿಯ 4.2 ಮಾರ್ಕಿಗೆ ಒಂದು ಡಾಲರು. ಯುದ್ಧದ ಖರ್ಚಿಗೂ ಆಮೇಲಿನ ಸಾಲಕ್ಕೂ ನೋಟು ಮುದ್ರಿಸಿ ಮುದ್ರಿಸಿ, 1923ರ ನವೆಂಬರಿನ ಹೊತ್ತಿಗೆ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕು! ಜೀವಮಾನವೆಲ್ಲ ಕೂಡಿಟ್ಟ ವಿಧವೆ, ನಿವೃತ್ತ ಗುಮಾಸ್ತೆ, ಮುದಿ ಮೇಷ್ಟರು, ಎಲ್ಲರೂ ಒಂದು ರೊಟ್ಟಿಗೂ ಸಾಲದ ಪಾಸ್‌ಬುಕ್ಕು ಹಿಡಿದು ನಿಂತರು. ಅದೇ ಕಾಲದಲ್ಲಿ ಸಾಲದಿಂದ ಕಾರ್ಖಾನೆಗಳನ್ನೂ ಗಣಿಗಳನ್ನೂ ಕೊಂಡು ಗುಡ್ಡೆ ಹಾಕಿದ ಹ್ಯೂಗೋ ಸ್ಟಿನ್ನೆಸ್ ಎಂಬ ಉದ್ಯಮಪತಿಗೆ ಜನರು ಹಣದುಬ್ಬರದ ರಾಜನೆಂದೇ ಹೆಸರಿಟ್ಟರು. 1925ರಲ್ಲಿ ಪರಿಹಾರದ ಕಾನೂನು ಬಂದಾಗ ಸರ್ಕಾರಿ ಸಾಲಪತ್ರಗಳನ್ನು ನಂಬಿದವರಿಗೆ ಸಿಕ್ಕಿದ್ದು ನೂರಕ್ಕೆ ಎರಡೂವರೆ. ಮಾರ್ಕು ಮಣ್ಣುಪಾಲಾದ ಮರುವರ್ಷವೇ, 1924ರ ಅಕ್ಟೋಬರಿನಲ್ಲಿ, ಉಳಿತಾಯ ಬ್ಯಾಂಕುಗಳವರು ಇಟಲಿಯ ಮಿಲಾನಿನಲ್ಲಿ ಸಭೆ ಸೇರಿ ಈ ದಿನಾಚರಣೆಯನ್ನು ಗೊತ್ತುಮಾಡಿದರು. ಉಳಿಸಿದವರ ಚಿತೆ ಆರುವ ಮೊದಲೇ ಉಳಿತಾಯದ ಉಪದೇಶ!

ನಮ್ಮ ದೇಶ ಜರ್ಮನಿಯಾಗಿಲ್ಲ, ಆಗಲೂ ಬಾರದು. ಆದರೆ ಒಂದೇ ದಿನದಲ್ಲಿ ಸುಟ್ಟರೂ ಅಷ್ಟೇ, ಮೂವತ್ತು ವರ್ಷ ಗೆದ್ದಲು ತಿಂದರೂ ಅಷ್ಟೇ. ಮನೆ ಬೀಳುವುದು ಒಂದೇ. ಬೆಲೆಯೇರಿಕೆಯ ವೇಗ ತಗ್ಗಿತೆಂದು ಸರ್ಕಾರ ಸಾರುವ ವರ್ಷಗಳಲ್ಲೂ ಏರಿದ ಬೆಲೆ ಹಿಂದಕ್ಕೆ ಬರುವುದಿಲ್ಲ. ಸವೆದ ಗಂಟು ಮತ್ತೆ ತುಂಬುವುದಿಲ್ಲ. 2011ರ ಡಿಸೆಂಬರಿನಲ್ಲಿ ಪೋಸ್ಟಾಫೀಸಿನ ಉಳಿತಾಯ ಖಾತೆಯ ಬಡ್ಡಿಯನ್ನು ನೂರಕ್ಕೆ 4ಕ್ಕೆ ಏರಿಸಿದರು. 2016ರಲ್ಲಿ ರಿಸರ್ವ್ ಬ್ಯಾಂಕಿಗೆ ಬೆಲೆಯೇರಿಕೆಯ ಗುರಿಯನ್ನು ಗೊತ್ತುಮಾಡಿದರು. ಅದೂ ನೂರಕ್ಕೆ 4. ಅಂದರೆ ಗುರಿ ಮುಟ್ಟಿದ ಒಳ್ಳೆಯ ವರ್ಷದಲ್ಲೂ ಆ ಖಾತೆಯವನ ಲಾಭ ಸೊನ್ನೆ! 2022ರಲ್ಲಿ ಮೂರು ತ್ರೈಮಾಸಿಕಗಳ ಕಾಲ ಬೆಲೆಯೇರಿಕೆ 6ರ ಮೇಲ್ಮಿತಿಯನ್ನೂ ದಾಟಿತು. ಕಾನೂನಿನಂತೆ ರಿಸರ್ವ್ ಬ್ಯಾಂಕು ಸರ್ಕಾರಕ್ಕೆ ಸಮಜಾಯಿಷಿ ಪತ್ರ ಬರೆಯಿತು. ಆ ಪತ್ರವನ್ನು ಜನತೆಗೆ ತೋರಿಸಲಿಲ್ಲ. ಗಂಟು ಕರಗಿದ್ದು ಜನತೆಯದು, ಪತ್ರ ಹೋದದ್ದು ಸರ್ಕಾರಕ್ಕೆ!

ಬೆಲೆಗೆ ತಕ್ಕಂತೆ ಆದಾಯವನ್ನೂ ಉಳಿತಾಯವನ್ನೂ ಕಾಯುವುದು ಅಸಾಧ್ಯವೆಂದು ಹೇಳುವವರಿಗೆ ನಮ್ಮಲ್ಲಿ ಎರಡು ಉತ್ತರಗಳಿವೆ. ಮೊದಲನೆಯದು: ಸಂಸತ್ಸದಸ್ಯರು 2018ರಲ್ಲಿ ಕಾನೂನು ಮಾಡಿ ತಮ್ಮ ಸಂಬಳವನ್ನು ಬೆಲೆ ಸೂಚ್ಯಂಕಕ್ಕೆ ಕಟ್ಟಿಕೊಂಡರು. ಅದರಂತೆ 2025ರ ಮಾರ್ಚಿನಲ್ಲಿ ಅವರ ಸಂಬಳ 1,00,000ದಿಂದ 1,24,000 ರೂಪಾಯಿಗೂ, ಮಾಜಿ ಸದಸ್ಯರ ಪಿಂಚಣಿ 25,000ದಿಂದ 31,000ಕ್ಕೂ ಏರಿತು; ಅದೂ 2023ರ ಏಪ್ರಿಲಿನಿಂದ ಪೂರ್ವಾನ್ವಯವಾಗಿ. ಇನ್ನು ಗಿರಣಿಯಲ್ಲಿ ಮೂವತ್ತು ವರ್ಷ ದುಡಿದವನ ಕಥೆ ಕೇಳಿ. 1995ರ ನೌಕರರ ಪಿಂಚಣಿ ಯೋಜನೆಯಲ್ಲಿ ಕನಿಷ್ಠ ಪಿಂಚಣಿಯನ್ನು 2014ರ ಸೆಪ್ಟೆಂಬರಿನಲ್ಲಿ ತಿಂಗಳಿಗೆ 1,000 ರೂಪಾಯಿಯೆಂದು ನಿಗದಿ ಮಾಡಿದರು. ಹತ್ತು ವರ್ಷ ಉರುಳಿ 2024 ಬಂದಾಗಲೂ ಅದು 1,000ವೇ. ಅವನ ಊರಿನ ಅಂಗಡಿಯಲ್ಲಿ ಬೇಳೆಯ ಬೆಲೆ ಹತ್ತು ವರ್ಷ ನಿಂತಿತ್ತೇ?

ಎರಡನೆಯದು: 2013ರ ಡಿಸೆಂಬರಿನಲ್ಲಿ ರಿಸರ್ವ್ ಬ್ಯಾಂಕೇ ಬೆಲೆ ಸೂಚ್ಯಂಕಕ್ಕೆ ಕಟ್ಟಿದ ಉಳಿತಾಯ ಪತ್ರವನ್ನು ಹೊರತಂದಿತ್ತು, ಬೆಲೆ ಎಷ್ಟು ಏರಿದರೆ ಅಷ್ಟು, ಅದರ ಮೇಲೆ ನೂರಕ್ಕೆ ಒಂದೂವರೆ. ಹುಳ ಬೀಳದ ದುಡ್ಡು! ಆದರೆ ಕನಿಷ್ಠ 5,000 ರೂಪಾಯಿ, ಹತ್ತು ವರ್ಷದ ಅವಧಿ. ಹಳ್ಳಿಯವರ ಕಿವಿಗೆ ಅದರ ಹೆಸರು ಬೀಳುವ ಮೊದಲೇ, 2014ರ ಮಾರ್ಚಿನ ಕೊನೆಗೆ ಬಾಗಿಲು ಮುಚ್ಚಿದರು. ಮಾಡಲು ಬರುವುದಿಲ್ಲವೆಂಬುದು ಸುಳ್ಳು. ಬಡವನಿಗೆ ಮಾಡಲು ಮನಸ್ಸಿಲ್ಲವೆಂಬುದು ನಿಜ.

ಡಾ. ರಾಮಮನೋಹರ ಲೋಹಿಯಾ ಅವರು ಬೆಲೆ ಕಟ್ಟಿರೆಂದು ಚಳವಳಿ ಹೂಡಿದಾಗ ಎರಡು ಸರಳ ಸೂತ್ರಗಳನ್ನು ಮುಂದಿಟ್ಟಿದ್ದರು. ಒಂದು ಸುಗ್ಗಿಯಿಂದ ಇನ್ನೊಂದು ಸುಗ್ಗಿಯವರೆಗೆ ಧಾನ್ಯದ ಬೆಲೆ ಸೇರಿಗೆ ಒಂದಾಣೆಗಿಂತ ಹೆಚ್ಚು ಏರಿಳಿಯಬಾರದು. ಕಾರ್ಖಾನೆಯ ಸಾಮಾನು ತಯಾರಿಕೆಯ ವೆಚ್ಚದ ಒಂದೂವರೆ ಪಟ್ಟನ್ನು ಮೀರಬಾರದು. ಆಣೆ ಹೋಯಿತು, ಸೇರೂ ಹೋಯಿತು, ಸೂತ್ರದ ಅರ್ಥ ಹೋಗಿಲ್ಲ. ಅದು ಕೇವಲ ಅಗ್ಗದ ಅಕ್ಕಿಯ ಬೇಡಿಕೆಯಾಗಿರಲಿಲ್ಲ. ಸುಗ್ಗಿಯಲ್ಲಿ ಅಗ್ಗಕ್ಕೆ ಮಾರಿ, ಆಷಾಢದಲ್ಲಿ ತುಟ್ಟಿಗೆ ಕೊಳ್ಳುವ ಸಣ್ಣ ರೈತನಿಗೆ ಮುಂದಿನ ಆರು ತಿಂಗಳನ್ನು ಕಣ್ಣಿಗೆ ಕಾಣುವಂತೆ ಮಾಡುವ ಬೇಡಿಕೆಯಾಗಿತ್ತು. ಉಳ್ಳವನಿಗೆ ಭೂಮಿಯಿದೆ, ಕಟ್ಟಡವಿದೆ, ಷೇರಿದೆ. ಬೆಲೆ ಏರಿದಷ್ಟೂ ಅವನ ನಾಳೆ ಬೆಳೆಯುತ್ತದೆ. ಬಡವನಿಗೆ ನಾಳೆಯೆಂಬುದು ಇರುವುದು ಕೈಯಲ್ಲಿನ ನೋಟಿನಲ್ಲಿ ಮಾತ್ರ. ಆ ನೋಟನ್ನು ಸವೆಸುವವರು ಅವನ ನಾಳೆಯನ್ನೇ ಕದಿಯುತ್ತಾರೆ.

ಆದುದರಿಂದ ನಮ್ಮ ಬೇಡಿಕೆಗಳು ನಾಲ್ಕು. ಒಂದು, ಬೆಲೆ ಸೂಚ್ಯಂಕಕ್ಕೆ ಕಟ್ಟಿದ ಉಳಿತಾಯ ಪತ್ರ ಪ್ರತಿ ಹಳ್ಳಿಯ ಪೋಸ್ಟಾಫೀಸಿನಲ್ಲೂ ನೂರು ರೂಪಾಯಿಗೆ ಸಿಗಬೇಕು. ಬಡವನಿಗೆ ಅವಸರ ಬಂದಾಗ ನಡುವೆ ಮುರಿಸಲು ಅವಕಾಶವಿರಬೇಕು. ಎರಡು, ಕಾರ್ಮಿಕರ ಕನಿಷ್ಠ ಪಿಂಚಣಿಯೂ ಕೃಷಿ ಕೂಲಿಯೂ ಸಂಸತ್ಸದಸ್ಯರ ಸಂಬಳದಂತೆಯೇ ಬೆಲೆಯೊಡನೆ ಏರಬೇಕು. ಮೂರು, ಸುಗ್ಗಿಯಲ್ಲಿ ಸರ್ಕಾರವೇ ನ್ಯಾಯವಾದ ಬೆಲೆಗೆ ರಾಗಿ, ಜೋಳ, ಬೇಳೆಗಳನ್ನು ಕೊಂಡು ಆಷಾಢದಲ್ಲಿ ಅದರ ಆಸುಪಾಸಿನ ಬೆಲೆಗೇ ಮಾರಬೇಕು. ನಾಲ್ಕು, ಬೊಕ್ಕಸದ ಕೊರತೆಯನ್ನು ಉಳ್ಳವರ ಮೇಲಿನ ತೆರಿಗೆಯಿಂದ ತುಂಬಬೇಕೇ ಹೊರತು ಬಡವರ ಪಾಸ್‌ಬುಕ್ಕನ್ನು ಸವೆಸಿ ಅಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚಲು ನಮ್ಮ ಜನ ತಲೆತಲಾಂತರದಿಂದ ಬಲ್ಲರು. ರಾತ್ರಿ ಮಲಗಿದಾಗ ಇದ್ದ ಹಾಸಿಗೆ ಬೆಳಗಾಗುವುದರೊಳಗೆ ಗೇಣುದ್ದ ಕಿರಿದಾದರೆ ಅದು ಕಾಲಿನ ತಪ್ಪಲ್ಲ. ಮುಂದಿನ ಅಕ್ಟೋಬರಿನಲ್ಲಿ ನಿಮ್ಮ ಊರಿನ ಶಾಲೆಗೆ ಉಪದೇಶಕರು ಬಂದಾಗ, ಬಂಧುಗಳೇ, ಸುಮ್ಮನೆ ಚಪ್ಪಾಳೆ ತಟ್ಟಬೇಡಿ. ಎದ್ದು ನಿಂತು ಆ ಮುದುಕಿಯ ಪ್ರಶ್ನೆಯನ್ನು ಕೇಳಿ: ಹುಳ ಬೀಳದ ದುಡ್ಡನ್ನು ಎಂದು ಕೊಡುತ್ತೀರಿ? ಉತ್ತರ ಬಂದ ಮೇಲೆ ಹಾರ ಹಾಕೋಣ.